ವಿತ್‌ಡ್ರಾ ಆಗಿದೆ ಅಂದಮಾತ್ರಕ್ಕೆ ಕ್ರಿಪ್ಟೊ ಸ್ಕೀಮ್ ನಂಬಬಹುದಾ? (ಪ್ರಶ್ನೋತ್ತರ)

ಪ್ರಶ್ನೆ: ಮೇಡಂ, ನೀವು ಹಣಕಾಸು ವಂಚನೆಗಳ ಲೆಕ್ಕ ತಪಾಸಣೆ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಭಾವ ನನ್ನನ್ನು ಒಂದು ಕ್ರಿಪ್ಟೊ ಆ್ಯಪ್‌ಗೆ ಸೇರಿಸಿದ್ದಾರೆ. ಅದರಲ್ಲಿ ಎಐ ಟ್ರೇಡಿಂಗ್ ಬಾಟ್, ಅಂದರೆ ತಾನೇ ಕೊಂಡು ಮಾರುವ ಪ್ರೋಗ್ರಾಂ, ಇದೆಯಂತೆ, ದಿನಕ್ಕೆ 1% ಲಾಭವಂತೆ. ಮೊದಲು ನನಗೂ ಅನುಮಾನ ಇತ್ತು. ಸ್ವಲ್ಪ ವಿತ್‌ಡ್ರಾ ಮಾಡಿ ನೋಡಿದೆ, ಕೆಲವೇ ನಿಮಿಷದಲ್ಲಿ ವಾಲೆಟ್‌ಗೆ ಬಂತು. ದುಡ್ಡು ವಾಪಸ್ ಬರುತ್ತಿದೆ ಅಂದಮೇಲೆ ಮೋಸ ಹೇಗಾಗುತ್ತದೆ? ಇನ್ನೂ ಜಾಸ್ತಿ ಹಾಕೋಣ ಅಂತಿದ್ದೇನೆ.

ಉತ್ತರ: ದಯವಿಟ್ಟು ಇನ್ನು ಒಂದು ಬಿಡಿಗಾಸೂ ಹಾಕಬೇಡಿ.

ಪಾಂಜಿ ಸ್ಕೀಮ್‌ನಲ್ಲಿ ಮೊದಮೊದಲು ದುಡ್ಡು ಬಂದೇ ಬರುತ್ತದೆ. ಬರದಿದ್ದರೆ ಸ್ಕೀಮ್ ಬೆಳೆಯುವುದೇ ಇಲ್ಲ. ಹಳಬರಿಗೆ ಲಾಭ ಅಂತ ಕೊಡುವುದು ಹೊಸಬರು ಹಾಕಿದ ಅಸಲನ್ನು. ಸಣ್ಣ ಮೊತ್ತ ಸಲೀಸಾಗಿ ಕೈಗೆ ಬಂದಾಗ ಜನ ಧೈರ್ಯ ಮಾಡಿ ದೊಡ್ಡ ಮೊತ್ತ ಹಾಕುತ್ತಾರೆ. ನೀವೂ ಈಗ ಅದನ್ನೇ ಮಾಡಲು ಹೊರಟಿದ್ದೀರಿ, ಅಲ್ವಾ? ಪರದೆಯ ಮೇಲೆ ದಿನಾ ಏರುವ ಹಸಿರು ಅಂಕಿ ಅವರ ಸರ್ವರ್‌ನಲ್ಲಿ ಯಾರೋ ಬರೆದಿಟ್ಟ ಸಂಖ್ಯೆ ಅಷ್ಟೇ. ಅಷ್ಟು ದುಡ್ಡು ಎಲ್ಲೋ ಇದೆ ಅನ್ನುವುದಕ್ಕೆ ಅದು ಸಾಕ್ಷಿ ಆಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ದಿನಕ್ಕೆ 1% ಲಾಭವನ್ನು ಅಲ್ಲೇ ಬಿಡುತ್ತಾ ಹೋದರೆ ಒಂದು ವರ್ಷಕ್ಕೆ 37 ಪಟ್ಟು ದಾಟುತ್ತದೆ. ಎರಡು ವರ್ಷಕ್ಕೆ 1,400 ಪಟ್ಟು! ಇಂಥ ಬಾಟ್ ನಿಜಕ್ಕೂ ಕೈಯಲ್ಲಿದ್ದವರಿಗೆ ನಿಮ್ಮ ದುಡ್ಡು ಯಾಕೆ ಬೇಕು? ಸಾಲ ತೆಗೆದು ತಾವೇ ಹಾಕಿಕೊಳ್ಳುತ್ತಿದ್ದರು.

ಬಾಟ್ ಕಥೆಯೂ ಹೊಸದಲ್ಲ. ಬಿಟ್‌ಕನೆಕ್ಟ್ ಅನ್ನುವವರು 2017ರಲ್ಲಿ ಇದನ್ನೇ ಹೇಳಿದರು. ಟ್ರೇಡಿಂಗ್ ಬಾಟ್ ಇದೆ, ತಿಂಗಳಿಗೆ 40%ವರೆಗೂ ಲಾಭ ಬರುತ್ತದೆ ಅಂದರು. ಜನ ಬಿಟ್‌ಕಾಯಿನ್ ಕೊಟ್ಟು ಇವರ ನಾಣ್ಯ ಕೊಳ್ಳಬೇಕಿತ್ತು. 2018ರ ಜನವರಿಯಲ್ಲಿ ಅಂಗಡಿ ಮುಚ್ಚಿದಾಗ ಬಾಕಿಯನ್ನೂ ಅದೇ ನಾಣ್ಯದಲ್ಲಿ ತೀರಿಸಿದರು. ಅಷ್ಟರಲ್ಲಿ ಅದರ ಬೆಲೆ ನೆಲ ಕಚ್ಚಿತ್ತು. ಅಮೆರಿಕದ ತನಿಖೆ ಪ್ರಕಾರ ಅವರು ಎತ್ತಿದ್ದು ಸುಮಾರು 240 ಕೋಟಿ ಡಾಲರ್.

ಇನ್ನೊಬ್ಬ ಸದಸ್ಯರು: ಆದರೆ ಬ್ಲಾಕ್‌ಚೈನ್ ಅಂದರೆ ಕ್ರಿಪ್ಟೊ ವ್ಯವಹಾರಗಳ ಬಹಿರಂಗ ಲೆಕ್ಕದ ಪುಸ್ತಕ, ಅದರಲ್ಲಿ ಎಲ್ಲವೂ ಎಲ್ಲರಿಗೂ ಕಾಣುತ್ತದಲ್ಲ ಮೇಡಂ? ನಮ್ಮ ಪ್ರಾಜೆಕ್ಟ್‌ನಲ್ಲಿ ಸ್ಮಾರ್ಟ್ ಕಾಂಟ್ರಾಕ್ಟ್, ಅಂದರೆ ಬ್ಲಾಕ್‌ಚೈನ್ ಮೇಲೆ ತಾನೇ ನಡೆಯುವ ಕೋಡ್, ಇದೆ. ದುಡ್ಡು ಯಾರ ಕೈಗೂ ಹೋಗುವುದಿಲ್ಲ, ಕೋಡ್ ತಾನೇ ಹಂಚುತ್ತದೆ.

ಉತ್ತರ: ಕೋಡ್ ಹಂಚುತ್ತದೆ, ಒಪ್ಪಿದೆ. ಹಂಚುವುದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಅದನ್ನು ಮೊದಲು ಕೇಳಿ.

ಫೋರ್ಸೇಜ್ ಅಂತ ಒಂದು ಸ್ಕೀಮ್ 2020ರಲ್ಲಿ ಶುರುವಾಯಿತು. ಅದೂ ಎಥೀರಿಯಂ ಅನ್ನುವ ಬ್ಲಾಕ್‌ಚೈನ್ ಮೇಲಿನ ಸ್ಮಾರ್ಟ್ ಕಾಂಟ್ರಾಕ್ಟೇ. ಒಬ್ಬರು ಹೊಸದಾಗಿ ದುಡ್ಡು ಹಾಕುತ್ತಿದ್ದಂತೆ ಆ ಕೋಡ್ ಅದನ್ನು ಮೊದಲೇ ಸೇರಿದ್ದ ಮೇಲಿನವರ ವಾಲೆಟ್‌ಗಳಿಗೆ ತಳ್ಳುತ್ತಿತ್ತು. ಲಾಭ ತರುವ ಬೇರೆ ಯಾವ ವ್ಯವಹಾರವೂ ಅಲ್ಲಿರಲಿಲ್ಲ. ಎಲ್ಲ ಬಹಿರಂಗವಾಗಿ ಇದ್ದದ್ದರಿಂದಲೇ ತನಿಖೆಯವರಿಗೆ ಲೆಕ್ಕ ಸಿಕ್ಕಿತು: ಅದರ ಎಥೀರಿಯಂ ಸ್ಕೀಮ್‌ಗೆ ಸೇರಿದವರಲ್ಲಿ 80%ಗಿಂತ ಜಾಸ್ತಿ ಜನರಿಗೆ ಹಾಕಿದ್ದಕ್ಕಿಂತ ಕಡಿಮೆ ಬಂದಿತ್ತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದು ಸಲವೂ ಏನೂ ಬಂದಿರಲಿಲ್ಲ. ಕೋಡ್ ಬರೆದ ಹಾಗೇ ನಡೆದುಕೊಂಡಿತ್ತು, ಬರೆದದ್ದೇ ಮೋಸ.

ಇನ್ನು ಕೆಲವರು ಬ್ಲಾಕ್‌ಚೈನ್ ಇದೆ ಅಂತ ಬಾಯಲ್ಲಿ ಹೇಳುತ್ತಾರೆ ಅಷ್ಟೇ. 2014ರಲ್ಲಿ ಶುರುವಾದ ಒನ್‌ಕಾಯಿನ್‌ಗೆ ಜನ 400 ಕೋಟಿ ಡಾಲರ್‌ಗಿಂತ ಹೆಚ್ಚು ಸುರಿದರು. ಅದರ ಬೆಲೆಯನ್ನು ಯಾವ ಮಾರುಕಟ್ಟೆಯೂ ನಿರ್ಧರಿಸುತ್ತಿರಲಿಲ್ಲ, ಕಂಪನಿಯವರೇ ಕೂತು ಏರಿಸುತ್ತಿದ್ದರು. ಅದರ ಮುಖ್ಯಸ್ಥೆ ರೂಜಾ ಇಗ್ನಾಟೋವಾ 2017ರ ಅಕ್ಟೋಬರ್‌ನಲ್ಲಿ ನಾಪತ್ತೆಯಾದರು. ಹಾಗಾಗಿ ನಿಮ್ಮ ನಾಣ್ಯದ ಬೆಲೆ ಅವರ ಸೈಟ್‌ನಲ್ಲಿ ಮಾತ್ರ ಕಾಣುತ್ತಿದ್ದರೆ, ಹೊರಗಿನ ಯಾವ ಎಕ್ಸ್‌ಚೇಂಜ್‌ನಲ್ಲೂ (ಕ್ರಿಪ್ಟೊ ಕೊಂಡು ಮಾರುವ ಮಾರುಕಟ್ಟೆ) ಮಾರಲು ಆಗದಿದ್ದರೆ, ಆ ಬೆಲೆಗೆ ಅರ್ಥವೇ ಇಲ್ಲ.

ಮತ್ತೊಬ್ಬ ಸದಸ್ಯರು: ನನ್ನದು ಈಗಾಗಲೇ ಸಿಕ್ಕಿಕೊಂಡಿದೆ. ವಿತ್‌ಡ್ರಾ ಒತ್ತಿದರೆ 'ಸಿಸ್ಟಂ ಅಪ್‌ಗ್ರೇಡ್' ಅಂತ ಬರುತ್ತಿತ್ತು. ಈಗ ಬ್ಯಾಲೆನ್ಸ್‌ನ 15% ತೆರಿಗೆ ಮೊದಲು ಕಟ್ಟಿ, ಆಮೇಲೆ ಬಿಡುಗಡೆ ಮಾಡುತ್ತೇವೆ ಅಂತಿದ್ದಾರೆ. ಕಟ್ಟಲಾ?

ಉತ್ತರ: ಕಟ್ಟಲೇಬೇಡಿ. ತೆರಿಗೆ ಹೋಗುವುದು ಸರ್ಕಾರಕ್ಕೆ, ಯಾರದೋ ವಾಲೆಟ್ ವಿಳಾಸಕ್ಕಲ್ಲ. ಬೇಕಾದರೆ 'ನನ್ನ ಬ್ಯಾಲೆನ್ಸ್‌ನಲ್ಲೇ ಮುರಿದುಕೊಂಡು ಉಳಿದದ್ದು ಕೊಡಿ' ಅಂತ ಕೇಳಿ ನೋಡಿ. ಆಗುವುದಿಲ್ಲ ಅನ್ನುತ್ತಾರೆ, ಯಾಕೆಂದರೆ ಅಲ್ಲಿ ಮುರಿದುಕೊಳ್ಳಲು ಏನೂ ಉಳಿದಿರುವುದಿಲ್ಲ. 15% ಕಟ್ಟಿದರೆ ಮುಂದೆ 'ವೆರಿಫಿಕೇಶನ್ ಡೆಪಾಸಿಟ್' ಕೇಳುತ್ತಾರೆ.

ಇವತ್ತೇ ಮಾಡಬೇಕಾದ ಕೆಲಸ ಬೇರೆ ಇದೆ. ಆ್ಯಪ್ ತೆರೆಯುತ್ತಿರುವಾಗಲೇ ಎಲ್ಲ ಪುಟಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ನೀವು ಕಳಿಸಿದ ಪ್ರತಿ ಮೊತ್ತದ ಟ್ರಾನ್ಸಾಕ್ಷನ್ ಹ್ಯಾಶ್ (ಆ ವ್ಯವಹಾರದ ಗುರುತಿನ ಸಂಖ್ಯೆ), ಹೋದ ವಾಲೆಟ್ ವಿಳಾಸ, ದಿನಾಂಕ ಬರೆದಿಡಿ. ಚಾಟ್ ಅಳಿಸಬೇಡಿ. ಇವನ್ನು ತೆಗೆದುಕೊಂಡು ಸೈಬರ್ ಪೊಲೀಸರಿಗೆ ದೂರು ಕೊಡಿ, ನೀವು ಕ್ರಿಪ್ಟೊ ಕೊಂಡ ಎಕ್ಸ್‌ಚೇಂಜ್‌ಗೂ ತಿಳಿಸಿ. ಯುಎಸ್‌ಡಿಟಿ ಥರದ, ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯಗಳನ್ನು ಹೊರಡಿಸುವ ಕಂಪನಿಗೆ ವಾಲೆಟ್ ಫ್ರೀಜ್ ಮಾಡಲು ಆಗುತ್ತದೆ. ಆದರೆ ದುಡ್ಡು ಅಲ್ಲಿಂದ ಜಾರುವ ಮುಂಚೆ ಆಗಬೇಕು, ಅದಕ್ಕೇ ಅವಸರ ಮಾಡಿ ಅನ್ನುತ್ತಿರುವುದು. ಕಳೆದುಹೋದದ್ದನ್ನು ವಾಪಸ್ ತರಿಸುತ್ತೇವೆ, ಮುಂಗಡ ಕೊಡಿ ಅಂತ ಇನ್‌ಬಾಕ್ಸ್‌ಗೆ ಯಾರಾದರೂ ಬಂದರೆ ಅವರೂ ಅದೇ ಜಾತಿಯ ಕಳ್ಳರು.

ಮೊದಲು ಕೇಳಿದವರು: ಭಾವನ ಹತ್ತಿರ ಮಾತಾಡಿದೆ ಮೇಡಂ. ಸಿಟ್ಟಾದರು. 'ಕಂಪನಿ ರಿಜಿಸ್ಟರ್ ಆಗಿದೆ, ಸರ್ಟಿಫಿಕೇಟ್ ನೋಡು' ಅಂತ ಕಳಿಸಿದ್ದಾರೆ. ಸೇರಿಸಿದ ಪ್ರತಿಯೊಬ್ಬರ ಮೇಲೂ ಅವರಿಗೆ ಕಮಿಷನ್ ಬರುತ್ತಂತೆ. ಅವರನ್ನು ಕಳ್ಳ ಅನ್ನೋಕೆ ಮನಸ್ಸು ಬರುತ್ತಿಲ್ಲ.

ಉತ್ತರ: ಅನ್ನಬೇಡಿ. ಅವರೂ ನಂಬಿಯೇ ದುಡ್ಡು ಹಾಕಿರುತ್ತಾರೆ. ಇಂಥ ಸ್ಕೀಮ್ ಹಬ್ಬುವುದೇ ಮನೆಯವರ, ಸ್ನೇಹಿತರ ನಂಬಿಕೆಯ ಮೇಲೆ. ನನಗೆ ತುಂಬ ಹೊಟ್ಟೆ ಉರಿಯುವುದೂ ಇದಕ್ಕೇ.

ಸರ್ಟಿಫಿಕೇಟ್ ವಿಷಯ: ಕಂಪನಿ ನೋಂದಣಿ ಅಂದರೆ ಆ ಹೆಸರಲ್ಲಿ ಒಂದು ಕಂಪನಿ ಇದೆ ಅಂತ ಮಾತ್ರ. ಜನರಿಂದ ಹೂಡಿಕೆ ಸಂಗ್ರಹಿಸಲು ಪರವಾನಗಿ ಬೇರೆ ಇರಬೇಕು. ಅದನ್ನು ಹಣಕಾಸು ನಿಯಂತ್ರಣ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ನೀವೇ ಹುಡುಕಿ, ಅವರು ಕಳಿಸಿದ ಪಿಡಿಎಫ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ.

ಭಾವನಿಗೆ ವಾದ ಮಾಡುವ ಬದಲು ಒಂದು ಲೆಕ್ಕ ಹೇಳಿ. 1920ರಲ್ಲಿ ಬೋಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ 45 ದಿನಕ್ಕೆ 50% ಕೊಡುತ್ತೇನೆ ಅಂದ. ಅಂಚೆಯ ರಿಪ್ಲೈ ಕೂಪನ್ (ಬೇರೆ ದೇಶದಲ್ಲಿ ಅಂಚೆಚೀಟಿಗೆ ಬದಲಾಯಿಸಿಕೊಳ್ಳುವ ಚೀಟಿ) ವ್ಯಾಪಾರದಿಂದ ಲಾಭ ಬರುತ್ತದೆ ಅಂತ ಹೇಳುತ್ತಿದ್ದ. ಕ್ಲಾರೆನ್ಸ್ ಬ್ಯಾರನ್ ಅನ್ನುವ ಪತ್ರಕರ್ತ ಲೆಕ್ಕ ಹಾಕಿದಾಗ ಅಷ್ಟು ಹೂಡಿಕೆಗೆ 16 ಕೋಟಿ ಕೂಪನ್ ಬೇಕಿತ್ತು, ಚಲಾವಣೆಯಲ್ಲಿ ಇದ್ದದ್ದು ಸುಮಾರು 27,000. ನಿಮ್ಮ ಬಾಟ್‌ಗೂ ಅದೇ ಪ್ರಶ್ನೆ ಕೇಳಿ: ಯಾವ ಎಕ್ಸ್‌ಚೇಂಜ್‌ನಲ್ಲಿ ಟ್ರೇಡ್ ಮಾಡುತ್ತದೆ, ಎಷ್ಟಕ್ಕೆ ಕೊಂಡು ಎಷ್ಟಕ್ಕೆ ಮಾರಿತು, ಹೊರಗಿನ ಆಡಿಟರ್ ಯಾರು?

ಆಮೇಲೆ ಅವರ ಕೈಲೇ ಪೂರ್ತಿ ಅಸಲು ವಿತ್‌ಡ್ರಾಗೆ ಹಾಕಿಸಿ. ಲಾಭದ ಚೂರಲ್ಲ, ಪೂರ್ತಿ ಅಸಲು. ನೀವೂ ನಿಮ್ಮದನ್ನು ಈಗಲೇ ಹಾಕಿ. 'ಲಾಕ್-ಇನ್ ಇದೆ', 'ಇನ್ನಿಬ್ಬರನ್ನು ಸೇರಿಸಿದರೆ ಬೇಗ ಸಿಗುತ್ತೆ' ಅಂತ ಉತ್ತರ ಬಂದರೆ ಅವರಿಗೇ ಅರ್ಥ ಆಗುತ್ತದೆ. ಅಲ್ಲಿಯವರೆಗೆ ಹೊಸಬರನ್ನು ಸೇರಿಸಬೇಡಿ ಅಂತ ಕೈಮುಗಿದು ಕೇಳಿಕೊಳ್ಳಿ. ಬಿಟ್‌ಕನೆಕ್ಟ್ ಮತ್ತು ಫೋರ್ಸೇಜ್ ಕೇಸುಗಳಲ್ಲಿ ಜನರನ್ನು ಸೇರಿಸಿದ ಪ್ರಚಾರಕರ ಮೇಲೂ ಮೊಕದ್ದಮೆ ಬಿತ್ತು. ಏನು ಉತ್ತರ ಬಂತು ಅಂತ ಇಲ್ಲೇ ಹಾಕಿ, ಹೆಸರು ನಂಬರ್ ಮುಚ್ಚಿ. ನೋಡಿ ಹೇಳುತ್ತೇನೆ.