ಕನ್ನಡದಲ್ಲಿ ವಿನ್ಯಾಸದ ಕೆಲಸ ಮಾಡಿಕೊಂಡು ಬದುಕಬಹುದೇ? ವಿದ್ಯಾರ್ಥಿನಿಯೊಬ್ಬರ ಪ್ರಶ್ನೆಗೆ ವೃತ್ತಿಯವರ ಉತ್ತರಗಳು

ಪ್ರಶ್ನೆ: ಮೈಸೂರಿನ ವಿದ್ಯಾರ್ಥಿನಿ

ನಾನು ಗ್ರಾಫಿಕ್ ಡಿಸೈನ್ ಪದವಿಯ ಮೂರನೆಯ ವರ್ಷದಲ್ಲಿದ್ದೇನೆ. ತರಗತಿಯಲ್ಲಿ ಕೊಟ್ಟ ಕೆಲಸವನ್ನು ಚೆನ್ನಾಗಿಯೇ ಮಾಡುತ್ತೇನೆ. ನನ್ನದೇ ಆದ ಏನನ್ನಾದರೂ ಮಾಡಬೇಕೆಂದು ಕುಳಿತಾಗ ಮಾತ್ರ ಕೈ ಓಡುವುದಿಲ್ಲ. ಇನ್‌ಸ್ಟಾಗ್ರಾಮ್, ಪಿಂಟರೆಸ್ಟ್‌ಗಳಲ್ಲಿ ಬೇರೆಯವರ ಕೆಲಸ ನೋಡುತ್ತಾ ಹೋದಂತೆ ಎಲ್ಲವನ್ನೂ ಯಾರೋ ಆಗಲೇ ಮಾಡಿಬಿಟ್ಟಿದ್ದಾರೆ ಎನ್ನಿಸುತ್ತದೆ. ಕನ್ನಡದ ಅಕ್ಷರ ಮತ್ತು ಪುಸ್ತಕಗಳ ಮೇಲೆ ಕೆಲಸ ಮಾಡುವ ಆಸೆಯಿದೆ. ಹಿರಿಯ ವಿದ್ಯಾರ್ಥಿಗಳು ಅದರಲ್ಲಿ ಹಣವಿಲ್ಲ, ಆ್ಯಪ್ ವಿನ್ಯಾಸ ಕಲಿ ಎನ್ನುತ್ತಾರೆ. ಮನೆಯಲ್ಲಿ ಮುಂದೆ ಕೆಲಸ ಸಿಗುತ್ತದೆಯೇ ಎಂದು ಕೇಳುತ್ತಾರೆ. ನಿಮಗೆಲ್ಲ ಸ್ಫೂರ್ತಿ ಎಲ್ಲಿಂದ ಬರುತ್ತದೆ, ಹೊಟ್ಟೆಪಾಡು ಹೇಗೆ ನಡೆಯುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.

ಪುಸ್ತಕಗಳ ಮುಖಪುಟ, ಒಳಪುಟ ವಿನ್ಯಾಸ ಮಾಡುವವರು, ಬೆಂಗಳೂರು

ಖಾಲಿ ಹಾಳೆಯ ಮುಂದೆ ಕೈ ಓಡದಿರುವುದಕ್ಕೆ ಪ್ರತಿಭೆಯ ಕೊರತೆ ಕಾರಣವೆಂದು ನನಗನ್ನಿಸುವುದಿಲ್ಲ. ನಿಮ್ಮ ಮುಂದೆ ವಸ್ತುವೇ ಇಲ್ಲ, ಅಷ್ಟೆ. ತರಗತಿಯಲ್ಲಿ ಅಧ್ಯಾಪಕರು ವಸ್ತುವನ್ನೂ ಅಳತೆಯನ್ನೂ ಗಡುವನ್ನೂ ಕೊಟ್ಟಿರುತ್ತಾರೆ, ಆದ್ದರಿಂದ ಅಲ್ಲಿ ಕೆಲಸ ಸಾಗುತ್ತದೆ. ನನ್ನ ಮಟ್ಟಿಗೆ ಮುಖಪುಟದ ಕೆಲಸ ಶುರುವಾಗುವುದು ಲೇಖಕರ ಕರಡನ್ನು ಓದುವುದರಿಂದ. ಕಥಾಸಂಕಲನವಾದರೆ ಎಲ್ಲ ಕಥೆಗಳನ್ನೂ ಓದಿ, ಅವುಗಳಲ್ಲಿ ಬರುವ ಸಾಮಾನು, ಮರ, ಬಟ್ಟೆ, ಗೋಡೆಯ ಬಣ್ಣ ಇತ್ಯಾದಿಗಳನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಮೊದಲು ಹೊಳೆಯುವುದು ಸಾಮಾನ್ಯವಾಗಿ ಎಲ್ಲರಿಗೂ ಹೊಳೆಯುವಂಥದ್ದೇ: ರೈತನ ಕಥೆಗೆ ನೇಗಿಲು, ವಿರಹದ ಕವಿತೆಗೆ ಒಂಟಿ ಹಕ್ಕಿ. ಅವನ್ನು ಬರೆದು ಮುಗಿಸಿ ಬದಿಗಿಟ್ಟ ಮೇಲೆ, ಮೂರನೆಯದೋ ನಾಲ್ಕನೆಯದೋ ಕರಡು ಚಿತ್ರದ ಹೊತ್ತಿಗೆ, ಆ ಪುಸ್ತಕಕ್ಕೆ ಮಾತ್ರ ಸಲ್ಲುವ ಯಾವುದೋ ಒಂದು ಸಿಗುತ್ತದೆ. ಸ್ಫೂರ್ತಿ ಎಂಬುದಕ್ಕೆ ನನ್ನ ಅನುಭವದಲ್ಲಿ ಇದಕ್ಕಿಂತ ಹೆಚ್ಚಿನ ರಹಸ್ಯವಿಲ್ಲ. ಯಾರೂ ಕೆಲಸ ಕೊಡದಿದ್ದರೆ ನಿಮಗೆ ಇಷ್ಟವಾದ ಪುಸ್ತಕವೊಂದನ್ನು ಆರಿಸಿಕೊಂಡು, ಡೆಮ್ಮಿ 1/8 (ಪುಸ್ತಕಗಳ ಒಂದು ಸಾಮಾನ್ಯ ಆಕಾರ) ಅಳತೆ, ಎರಡೇ ಬಣ್ಣ ಎಂದು ನಿಮಗೆ ನೀವೇ ಕಟ್ಟು ಹಾಕಿಕೊಂಡು ಮುಖಪುಟ ಮಾಡಿನೋಡಿ; ಪುಟಗಳ ಸಂಖ್ಯೆಗೂ ಕಾಗದದ ದಪ್ಪಕ್ಕೂ ತಕ್ಕಂತೆ ಬೆನ್ನಿನ ಅಗಲವನ್ನೂ ಲೆಕ್ಕ ಹಾಕಿ.

ಇನ್ನು ಅಕ್ಷರದ ಮಾತು. ಕನ್ನಡದ ಕೆಲಸ ಬಲ್ಲವರು ಎಷ್ಟು ಕಡಿಮೆ ಎಂಬುದು ವೃತ್ತಿಗೆ ಬಂದ ಮೇಲೆಯೇ ತಿಳಿಯುತ್ತದೆ. ಇಂಗ್ಲಿಷಿಗೆ ಸಾಕಾಗುವ ಸಾಲಂತರವನ್ನು ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನು ತಾಗುತ್ತದೆ; ‘ರಾಷ್ಟ್ರ’, ‘ಸ್ತ್ರೀ’ಯಂಥ ಎರಡು ಒತ್ತುಗಳ ಪದಗಳು ಬಂದರಂತೂ ಇಡೀ ಪುಟ ಇಕ್ಕಟ್ಟಾಗಿ ಕಾಣುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ, ಪುಟವಿನ್ಯಾಸದ ಇನ್‌ಡಿಸೈನ್ ತಂತ್ರಾಂಶದಲ್ಲಿ ನಮ್ಮ ಲಿಪಿಗಳಿಗೆ ಬೇಕಾದ ವರ್ಲ್ಡ್-ರೆಡಿ ಆಯ್ಕೆಯನ್ನು ಹಾಕಿಕೊಳ್ಳದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಸಿಡಿಯುತ್ತವೆ, ಮತ್ತು ಅಂಥ ಬ್ಯಾನರುಗಳು ಪ್ರತಿವರ್ಷ ರಾಜ್ಯೋತ್ಸವದ ದಿನವೇ ರಸ್ತೆಗಳಲ್ಲಿ ತೂಗಾಡುವುದನ್ನು ನೀವೂ ಕಂಡಿರುತ್ತೀರಿ. ಲೇಖಕರಿಂದ ಇಂದಿಗೂ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕಡತಗಳು ಬರುತ್ತವೆ. ಅವನ್ನು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡಿಗೆ ಬದಲಾಯಿಸಿದಾಗ ಅರ್ಕಾವತ್ತು, ದೀರ್ಘಗಳು ಎಲ್ಲಿ ತಪ್ಪುತ್ತವೆ ಎಂದು ಹುಡುಕಿ ತಿದ್ದಬಲ್ಲವರನ್ನು ಪ್ರಕಾಶಕರು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ದುಬಾರಿ ತಂತ್ರಾಂಶವಿಲ್ಲವೆಂದು ಕಾಯಬೇಡಿ. ಚಿತ್ರ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನು ಸರಿಯಾಗಿಯೇ ತೋರಿಸುತ್ತದೆ. ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ನವಿಲು ಮುಂತಾದ ಫಾಂಟುಗಳೂ ಉಚಿತವೇ.

ಹಣದ ಬಗ್ಗೆ ನಿಮ್ಮ ಹಿರಿಯರು ಹೇಳಿದ್ದು ಅರ್ಧ ನಿಜ. ಬರೀ ಮುಖಪುಟಗಳಿಂದ ಬೆಂಗಳೂರಿನಲ್ಲಿ ಮನೆ ನಡೆಸುವುದು ಕಷ್ಟ. ನಾನು ಪುಟವಿನ್ಯಾಸ, ಸಂಸ್ಥೆಗಳ ವಾರ್ಷಿಕ ವರದಿ, ಆಮಂತ್ರಣ ಪತ್ರಿಕೆಗಳನ್ನೂ ಮಾಡುತ್ತೇನೆ. ತಿಂಗಳ ಖರ್ಚು ಹೊರಡುವುದು ಅವುಗಳಿಂದಲೇ.

ಚಿತ್ರಕಲಾ ಶಿಕ್ಷಕಿ, ಧಾರವಾಡ

ಬೇರೆಯವರು ಮುಗಿಸಿದ ಕೆಲಸವನ್ನು ನೋಡುವುದಕ್ಕೂ ಜಗತ್ತನ್ನು ನೋಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನಷ್ಟೇ ಹೇಳಬಯಸುತ್ತೇನೆ. ಪಿಂಟರೆಸ್ಟಿನಲ್ಲಿ ನಿಮಗೆ ಕಾಣುವುದು ಇನ್ನೊಬ್ಬರ ನೋಟದ ಫಲ. ಅದನ್ನು ಎಷ್ಟು ನೋಡಿದರೂ ನಿಮ್ಮ ಕಣ್ಣಿಗೆ ಕೆಲಸವಾಗುವುದಿಲ್ಲ. ನಿಮ್ಮ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಪ್ರವೇಶ ದೊರೆಯಲಿಲ್ಲ. ಅವರು ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುತ್ತಲೇ ‘ಕೊರವಂಜಿ’ ಹಾಸ್ಯಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು, ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆದರು, ಚಿಕ್ಕಂದಿನಿಂದ ನೋಡುತ್ತಿದ್ದ ಕಾಗೆಗಳನ್ನು ಬದುಕಿನುದ್ದಕ್ಕೂ ಬರೆಯುತ್ತಲೇ ಇದ್ದರು. ಎಲ್ಲರೂ ದಿನವೂ ಕಾಣುವ ಹಕ್ಕಿಯನ್ನು ಯಾರೋ ಆಗಲೇ ಚಿತ್ರಿಸಿದ್ದಾರೆಂದು ಅವರು ಬಿಡಲಿಲ್ಲ. ದೇವರಾಜ ಮಾರುಕಟ್ಟೆಗೆ ಸಣ್ಣ ಪುಸ್ತಕವೊಂದನ್ನು ಹಿಡಿದುಕೊಂಡು ಹೋಗಿ. ಕುಂಕುಮದ ರಾಶಿ, ಬಾಳೆಗೊನೆ, ಹೂ ಕಟ್ಟುವವರ ಬೆರಳುಗಳು, ಯಾವುದಾದರೂ ಸರಿ, ಫೋಟೊ ತೆಗೆಯದೆ ಕೈಯಲ್ಲೇ ಬರೆದುಕೊಳ್ಳಿ.

ನಮ್ಮ ಕಡೆಯ ಕಸೂತಿಯನ್ನೂ ನೋಡಿ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ನೂಲಿನ ಎಳೆಗಳನ್ನು ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನು ಹಾಕುತ್ತಾರೆ. ಗವಂತಿ ಹೊಲಿಗೆ ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ರೀತಿ ಕಾಣುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಯ್ಗಿ ಮತ್ತು ಮೆಂಥೆಗಳು ತುಂಬುವುದಕ್ಕೆ. ನೀವು ಪಠ್ಯದಲ್ಲಿ ಓದುವ ಗ್ರಿಡ್, ಅಂದರೆ ಪುಟವನ್ನು ಹೊಂದಿಸುವ ಅಡ್ಡ-ಉದ್ದ ಗೆರೆಗಳ ಚೌಕಟ್ಟು ಎಂಬುದು ಇಲ್ಲಿ ನೂಲಿನ ಉದ್ದಗಲಗಳಲ್ಲೇ ಇದೆ, ಮತ್ತು ಆ ಕಟ್ಟಿನಿಂದಾಗಿಯೇ ಕಸೂತಿಯ ಆನೆ ಬೇರಾವ ಆನೆಯಂತೆಯೂ ಇರದೆ ಕಸೂತಿಯ ಆನೆಯಾಗಿದೆ.

ಒಂದು ಎಚ್ಚರಿಕೆಯೂ ಅಗತ್ಯ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರವನ್ನು ಈಗ ಚೀಲ, ಲೋಟ, ದಿನಚರಿಗಳ ಮೇಲೆಲ್ಲ ಅಂಟಿಸುತ್ತಿದ್ದಾರೆ. ಅದು ಮದುವೆಯ ವಿಧಿಗೆ ಸೇರಿದ, ಒಂದು ಸಮುದಾಯ ಕಾಪಾಡಿಕೊಂಡು ಬಂದ ಕಲೆ. ಅದರಿಂದ ಕಲಿಯಿರಿ; ಬಳಸುವುದಾದರೆ ಬರೆಯುವವರನ್ನು ಕೇಳಿ, ಅವರ ಹೆಸರು ಹಾಕಿ, ಸಂಭಾವನೆ ಕೊಡಿಸಿ.

ಆ್ಯಪ್ ವಿನ್ಯಾಸಕರು, ಬೆಂಗಳೂರು

ನಾನು ನಿಮ್ಮ ಹಿರಿಯರು ಹೇಳಿದ ದಾರಿಯಲ್ಲೇ ಬಂದವನು, ಅದರ ಬಗ್ಗೆ ನನಗೆ ಬೇಸರವಿಲ್ಲ. ತಿಂಗಳ ಸಂಬಳ ಬರುತ್ತದೆ, ತಂಡದಲ್ಲಿ ಕಲಿಯುವುದಕ್ಕೂ ಸಿಗುತ್ತದೆ. ಆದರೆ ಆ್ಯಪ್ ಮತ್ತು ಕನ್ನಡ ಬೇರೆಬೇರೆ ದಾರಿಗಳೆಂದು ತಿಳಿಯಬೇಡಿ. ಬ್ಯಾಂಕು, ಸಾರಿಗೆ, ದಿನಸಿ ಆ್ಯಪ್‌ಗಳೆಲ್ಲ ಕನ್ನಡದ ಆಯ್ಕೆಯನ್ನು ಕೊಡುತ್ತಿರುವಾಗ, ಇಂಗ್ಲಿಷಿನಲ್ಲಿ ನಾಲ್ಕಕ್ಷರ ಹಿಡಿಸುವ ಗುಂಡಿಯೊಳಗೆ ಕನ್ನಡದ ಕ್ರಿಯಾಪದ ತುಂಡಾಗಿ ನಿಲ್ಲುವುದನ್ನು ದಿನವೂ ಕಾಣುತ್ತೇವೆ. ಅದನ್ನು ಮೊದಲೇ ಊಹಿಸಿ ಪರದೆಯನ್ನು ರಚಿಸಬಲ್ಲವರು ನಮ್ಮ ತಂಡಗಳಲ್ಲಿ ವಿರಳ.

ಸಂದರ್ಶನದಲ್ಲಿ ನಾನು ನೋಡುವುದು ಮುಗಿದ ಚಿತ್ರಗಳ ಸಾಲನ್ನಲ್ಲ. ಒಂದೇ ಕೆಲಸವಾದರೂ ಸರಿ, ಮೊದಲ ಕರಡಿನಿಂದ ಕೊನೆಯವರೆಗೆ ಏನನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂಬುದನ್ನು ವಿವರಿಸುವವರು ಕೂಡಲೇ ಗಮನ ಸೆಳೆಯುತ್ತಾರೆ. ಕೃತಕ ಬುದ್ಧಿಮತ್ತೆಯಿಂದ ಕ್ಷಣದಲ್ಲಿ ಚಿತ್ರಗಳು ಬರುವ ಈ ಕಾಲದಲ್ಲಿ ಇದರ ಬೆಲೆ ಹೆಚ್ಚಾಗಿದೆ. ಅಂದಹಾಗೆ, ಆ ಯಂತ್ರಗಳು ಬರೆಯುವ ಕನ್ನಡ ಹಲವು ಬಾರಿ ಕನ್ನಡದಂತೆ ಕಾಣುತ್ತದೆಯೇ ಹೊರತು ಓದಲು ಬರುವುದಿಲ್ಲ. ಮುಂದೆ ಸುಧಾರಿಸಬಹುದು, ಅದನ್ನೊಂದೇ ನೆಚ್ಚಿಕೊಳ್ಳಬೇಡಿ.

ಮುಂದೆ ಓದುವ ಮನಸ್ಸಿದ್ದರೆ ಎಂ.ಡಿಸ್. (ವಿನ್ಯಾಸದ ಸ್ನಾತಕೋತ್ತರ) ಪದವಿಗೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಾದ ಎನ್‌ಐಡಿಯ ಪ್ರವೇಶ ಪರೀಕ್ಷೆಯಿದೆ, ಐಐಟಿಗಳಿಗೆ ಸೀಡ್ ಪರೀಕ್ಷೆಯಿದೆ. ಭಾರತೀಯ ಲಿಪಿಗಳ ಅಧ್ಯಯನಕ್ಕೆ ಐಐಟಿ ಬಾಂಬೆಯ ವಿನ್ಯಾಸ ಶಾಲೆ ಐಡಿಸಿ ಹೆಸರಾದದ್ದು; 2010ರಲ್ಲಿ ಅಂಗೀಕಾರವಾದ ರೂಪಾಯಿ ಚಿಹ್ನೆಯನ್ನು ರಚಿಸಿದ ಡಿ. ಉದಯ ಕುಮಾರ್ ಅಲ್ಲಿ ತಮಿಳು ಅಕ್ಷರ ವಿನ್ಯಾಸದ ಮೇಲೆ ಸಂಶೋಧನೆ ಮಾಡಿದವರು. ತಾಯ್ನುಡಿಯ ಲಿಪಿಯನ್ನು ಹಿಡಿದುಕೊಂಡರೆ ಮನೆಯ ಮೂಲೆಯಲ್ಲೇ ಉಳಿಯಬೇಕಾಗುತ್ತದೆ ಎನ್ನುವವರಿಗೆ ಈ ಉದಾಹರಣೆಯನ್ನು ಕೊಡಬಹುದು.

ನಾಮಫಲಕ ತಯಾರಿಸುವವರು, ಹುಬ್ಬಳ್ಳಿ

ತಂಗಿ, ನಮ್ಮ ಅಂಗಡಿಯಲ್ಲಿ ಮೊದಲು ಕುಂಚದಿಂದ ಬರೆಯುತ್ತಿದ್ದೆವು, ಈಗ ಫ್ಲೆಕ್ಸ್ ಮತ್ತು ಎಲ್‌ಇಡಿ ಅಕ್ಷರ. ಕನ್ನಡ ಭಾಷೆಯ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯಿಂದ ರಾಜ್ಯದಲ್ಲಿ ಅಂಗಡಿ ಮುಂಗಟ್ಟುಗಳ ಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕಾದ ಕಾರಣ, ದೊಡ್ಡ ಕಂಪನಿಗಳೂ ತಮ್ಮ ಇಂಗ್ಲಿಷ್ ಹೆಸರಿಗೆ ಹೊಂದುವ ಕನ್ನಡ ಅಕ್ಷರ ಬೇಕೆಂದು ಕೇಳುತ್ತವೆ. ಹೆಚ್ಚಿನವರು ಕಂಪ್ಯೂಟರಿನಲ್ಲಿರುವ ಯಾವುದೋ ಫಾಂಟನ್ನು ಹಿಗ್ಗಿಸಿ ಕಳುಹಿಸುತ್ತಾರೆ. ಹಿಗ್ಗಿಸಿದಾಗ ತಲೆಕಟ್ಟು ದಪ್ಪವಾಗಿ, ಒತ್ತು ಕುಗ್ಗಿ, ರಸ್ತೆಯ ಆಚೆಯಿಂದ ‘ಪ’ ಯಾವುದು, ‘ಷ’ ಯಾವುದು ಎಂದು ತಿಳಿಯುವುದಿಲ್ಲ. ಕಂಪನಿಯ ಗುರುತಿಗೆ ತಕ್ಕಂತೆ ಕನ್ನಡ ಅಕ್ಷರಗಳನ್ನು ಹೊಸದಾಗಿ ಬರೆದುಕೊಡುವವರಿದ್ದರೆ ನಾವೇ ಅವರ ಬಳಿಗೆ ಗಿರಾಕಿಗಳನ್ನು ಕಳುಹಿಸುತ್ತೇವೆ. ನೀವು ಬರೆದದ್ದನ್ನು ಮುದ್ರಿಸಿ ಗೋಡೆಗೆ ಅಂಟಿಸಿ, ದೂರ ನಿಂತು ಓದುವ ಅಭ್ಯಾಸ ಮಾಡಿಕೊಳ್ಳಿ.

ಸ್ವತಂತ್ರ ವಿನ್ಯಾಸಕಿ, ಮಂಗಳೂರು

ಮೇಲಿನವರು ಕೆಲಸದ ವಿಷಯವನ್ನು ಹೇಳಿದ್ದಾರೆ. ನಾನು ಕರಾರಿನ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಇದನ್ನು ತರಗತಿಯಲ್ಲಿ ಯಾರೂ ಕಲಿಸುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರಿಯಲ್ಲಿದ್ದು ಮಾಡಿದ ಕೆಲಸ ಬೇರೆ ಒಪ್ಪಂದವಿಲ್ಲದಿದ್ದರೆ ಸಂಸ್ಥೆಗೆ ಸೇರುತ್ತದೆ. ಸ್ವತಂತ್ರವಾಗಿ ಮಾಡಿದ ಲಾಂಛನ, ಅಕ್ಷರ ವಿನ್ಯಾಸಗಳ ಮೊದಲ ಒಡೆತನ ಸಾಮಾನ್ಯವಾಗಿ ಮಾಡಿದವರದೇ. ಹಣ ಪಡೆದು ತೆಗೆದುಕೊಟ್ಟ ಛಾಯಾಚಿತ್ರ, ಬರೆದುಕೊಟ್ಟ ವರ್ಣಚಿತ್ರ ಅಥವಾ ಭಾವಚಿತ್ರಗಳಿಗೆ ಮಾತ್ರ ಬೇರೆ ನಿಯಮವಿದೆ. ಹಕ್ಕನ್ನು ಬಿಟ್ಟುಕೊಡುವುದು ಬರವಣಿಗೆಯಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಎಂದು ಪತ್ರದಲ್ಲಿ ಹೇಳಿರದಿದ್ದರೆ 5 ವರ್ಷಕ್ಕೆ, ಎಲ್ಲಿಗೆ ಎಂದು ಹೇಳಿರದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ.

ಒಮ್ಮೆ ಗಿರಾಕಿಯೊಬ್ಬರು ನನ್ನ ಮೂರು ಕರಡುಗಳಲ್ಲಿ ಯಾವುದೂ ಬೇಡವೆಂದು ಹೇಳಿ, ಆಮೇಲೆ ಅವುಗಳಲ್ಲೊಂದನ್ನು ಬಳಸಿಕೊಂಡಿದ್ದರು. ಒಪ್ಪಂದದ ಪತ್ರವಿದ್ದುದರಿಂದ ಹಣ ಬಂತು. ಪತ್ರ ಎಂದರೆ ವಕೀಲರ ಭಾಷೆಯೇ ಆಗಬೇಕೆಂದಿಲ್ಲ. ಏನು ಕೆಲಸ, ಎಷ್ಟು ಕರಡು, ಎಷ್ಟು ಸಲ ತಿದ್ದುಪಡಿ, ಮುಂಗಡ ಎಷ್ಟು, ಆಯ್ಕೆಯಾಗದ ಕರಡುಗಳು ಯಾರಿಗೆ ಸೇರುತ್ತವೆ ಎಂಬುದನ್ನು ಒಂದು ಇಮೇಲ್‌ನಲ್ಲಿ ಬರೆದು ಅವರಿಂದ ಒಪ್ಪಿಗೆ ಪಡೆದರೆ, ಕೆಲಸ ಆರಂಭಿಸುವುದಕ್ಕೆ ಅಷ್ಟು ಸಾಕು. ಲಾಂಛನದಂತೆ ಹಕ್ಕನ್ನೇ ಪೂರ್ತಿಯಾಗಿ ಕೊಡಬೇಕಾದ ಕೆಲಸಗಳಿಗೆ ಮಾತ್ರ ಸಹಿ ಮಾಡಿದ ಪ್ರತ್ಯೇಕ ಪತ್ರ ಮಾಡಿಸಿ, ಅದನ್ನು ಬಾಕಿ ಹಣ ಕೈಸೇರಿದ ಮೇಲೆ ಕೊಡಿ.