ಸಣ್ಣ ಶಾಲೆಯ ಫುಟ್‌ಬಾಲ್ ತಂಡ: ಇರುವ ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕು?

ಪ್ರಶ್ನೆ – ದೈಹಿಕ ಶಿಕ್ಷಣ ಶಿಕ್ಷಕಿ

ನಮ್ಮ ತಂಡದಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಹದಿನಾರು ಮಕ್ಕಳಿದ್ದಾರೆ. ಕ್ರೀಡಾ ನಿಧಿಯಲ್ಲಿ ಎಲ್ಲ ಆಟಗಳಿಗೂ ಪಾಲು ಹೋಗಬೇಕಾದ್ದರಿಂದ ಫುಟ್‌ಬಾಲಿಗೆ ಉಳಿಯುವುದು ಅಲ್ಪ. ಕಳೆದ ವರ್ಷ ಅದರಲ್ಲಿ ಬಹುಪಾಲನ್ನು ಹೆಸರು ಅಚ್ಚು ಹಾಕಿಸಿದ ಜೆರ್ಸಿಗಳಿಗೆ ಕೊಟ್ಟೆವು. ಮಿಕ್ಕಿದ್ದರಲ್ಲಿ ತಂದ ಎರಡು ಅಗ್ಗದ ಚೆಂಡುಗಳು ಮೂರೇ ತಿಂಗಳಲ್ಲಿ ಹೊಲಿಗೆ ಬಿಟ್ಟವು. ಬೂಟು ಕೊಳ್ಳಲಾಗದ ಇಬ್ಬರು ಮಕ್ಕಳು ಏನೂ ಹೇಳದೆ ಅಭ್ಯಾಸಕ್ಕೆ ಬರುವುದನ್ನೇ ನಿಲ್ಲಿಸಿದರು. ಕಾರಣ ನನಗೆ ಗೊತ್ತಾಗುವ ಹೊತ್ತಿಗೆ ವರ್ಷವೇ ಮುಗಿದಿತ್ತು. ಅದು ಮರುಕಳಿಸಬಾರದು. ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1 – ಶಾಲಾ ಪಂದ್ಯಗಳ ರೆಫರಿ

ಮೇಡಂ, ನಿಯಮ ಏನನ್ನು ಕೇಳುತ್ತದೆ ಎಂಬುದರಿಂದ ಲೆಕ್ಕ ಆರಂಭಿಸಿ. ಆಟದ 4ನೇ ನಿಯಮದ ಪ್ರಕಾರ ಆಟಗಾರರಿಗೆ ಕಡ್ಡಾಯವಾದದ್ದು ಐದೇ: ತೋಳಿರುವ ಅಂಗಿ, ಚಡ್ಡಿ, ಉದ್ದ ಕಾಲುಚೀಲ, ಶಿನ್ ಗಾರ್ಡ್ (ಮೊಣಕಾಲಿನ ಕೆಳಗೆ ಮುಂಗಾಲಿಗೆ ಕಟ್ಟುವ ರಕ್ಷಾಪಟ್ಟಿ) ಮತ್ತು ಪಾದರಕ್ಷೆ. ಪಾದರಕ್ಷೆಗೆ ಸ್ಟಡ್ (ಜಾರದಂತೆ ಬೂಟಿನ ಅಡಿಯಲ್ಲಿರುವ ಗುಬುಟು) ಇರಲೇಬೇಕೆಂದು ಅಲ್ಲಿ ಹೇಳಿಲ್ಲ. ಗೋಲ್‌ಕೀಪರ್‌ಗೆ ಗ್ಲೌಸ್ ಕೂಡ ಕಡ್ಡಾಯವಲ್ಲ, ಉಳಿದವರಿಗಿಂತ ಬೇರೆ ಬಣ್ಣದ ಅಂಗಿ ಇದ್ದರೆ ಸಾಕು. ಬೆನ್ನಿನ ಸಂಖ್ಯೆಯನ್ನು ಕೇಳುವುದು ಆಯಾ ಪಂದ್ಯಾವಳಿ. ಹೆಸರಂತೂ ಹಾಕಿಸಬೇಡಿ, ಹೆಸರಿಲ್ಲದ ಜೆರ್ಸಿಯನ್ನು ಮುಂದಿನ ತಂಡವೂ ತೊಡಬಹುದು. ಶಿನ್ ಗಾರ್ಡ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಕಾಲುಚೀಲದೊಳಗೆ ರಟ್ಟು ತುರುಕಿಕೊಂಡು ಬಂದ ಮಕ್ಕಳನ್ನು ನಾನು ಮೈದಾನದಿಂದ ಹೊರಗೆ ಕಳುಹಿಸಬೇಕಾಗಿ ಬಂದಿದೆ, ಆಗ ಅವರ ಮುಖ ನೋಡಲಾಗುವುದಿಲ್ಲ.

ಉತ್ತರ 2 – ಮಕ್ಕಳ ತರಬೇತುದಾರ

ಹದಿನಾರು ಮಕ್ಕಳಿಗೆ ಎರಡೇ ಚೆಂಡು ಇದ್ದರೆ ಅಭ್ಯಾಸದ ಹೆಚ್ಚು ಹೊತ್ತು ಸಾಲಿನಲ್ಲಿ ನಿಲ್ಲುವುದರಲ್ಲೇ ಕಳೆದುಹೋಗುತ್ತದೆ, ಆದ್ದರಿಂದ ಇಬ್ಬರಿಗೊಂದಾದರೂ ಸಿಗುವಂತೆ ಹಣವನ್ನು ಮೊದಲು ಚೆಂಡಿಗೆ ಹಾಕಿ. ಆದರೆ ಎಲ್ಲವೂ ಪಂದ್ಯದ ಚೆಂಡೇ ಆಗಬೇಕಿಲ್ಲ. ನೆಲ ಗಟ್ಟಿಯಾಗಿದ್ದು ಜಲ್ಲಿ ಇದ್ದರೆ ಅಚ್ಚು ರಬ್ಬರಿನ ಚೆಂಡುಗಳು ಹೊಲಿಗೆಯ ಚೆಂಡಿಗಿಂತ ಹೆಚ್ಚು ಕಾಲ ಬಾಳುತ್ತವೆ. ಪಿಯು (ಪಾಲಿಯುರೆಥೇನ್ ಎಂಬ ಕೃತಕ ಚರ್ಮ) ಹೊದಿಕೆಯ ಒಂದೆರಡು ಒಳ್ಳೆಯ ಚೆಂಡುಗಳನ್ನು ಪಂದ್ಯಕ್ಕೆಂದು ಬೇರೆ ಇಡಿ. ಚೆಂಡಿನೊಳಗಿನ ಗಾಳಿಚೀಲ (ಬ್ಲ್ಯಾಡರ್) ಬ್ಯುಟೈಲ್ ರಬ್ಬರ್‌ನದ್ದಾಗಿದ್ದರೆ ಗಾಳಿ ಬಹಳ ದಿನ ನಿಲ್ಲುತ್ತದೆ, ಲೇಟೆಕ್ಸ್ ಆದರೆ ಪದೇ ಪದೇ ತುಂಬಬೇಕು. ಅಳತೆಯನ್ನೂ ನೋಡಿ: 5ನೇ ಅಳತೆಯ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಚಿಕ್ಕ ಮಕ್ಕಳಿಗೆ ಅದಕ್ಕಿಂತ ಹಗುರವಾದ 4ನೇ ಅಳತೆಯೇ ಸರಿ.

ಚೆಂಡು ಹಾಳಾಗುವುದಕ್ಕೆ ಅಗ್ಗದ ಮಾಲು ಮಾತ್ರ ಕಾರಣವಲ್ಲ. ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿಯುತ್ತದೆ. ಒಂದು ತೊಟ್ಟು ಗ್ಲಿಸರಿನ್ ಹಚ್ಚಿ ಚುಚ್ಚಿ. ಗಾಳಿ ತುಂಬಿದ ಚೆಂಡನ್ನು ಬಿಸಿಲಿನಲ್ಲಿ ಬಿಡಬೇಡಿ, ಮೇಲೆ ಕೂರಲು ಮಕ್ಕಳಿಗೆ ಬಿಡಬೇಡಿ.

ಉತ್ತರ 3 – ಆಟಗಾರ್ತಿಯೊಬ್ಬಳ ತಾಯಿ

ಬೂಟಿನ ವಿಷಯದಲ್ಲಿ ರೆಫರಿ ಸರ್ ಹೇಳಿದ್ದು ನಿಯಮಕ್ಕೆ ಸರಿ. ಆದರೆ ಒದ್ದೆ ಹುಲ್ಲಿನ ಮೇಲೆ ಸಾಮಾನ್ಯ ಶೂ ಜಾರುತ್ತದೆ, ಜೊತೆಯವರೆಲ್ಲ ಬೂಟು ಹಾಕಿರುವಾಗ ಬರಿಯ ಕ್ಯಾನ್ವಾಸ್ ಶೂನಲ್ಲಿ ನಿಲ್ಲುವ ಮಗುವಿಗೆ ಸಂಕೋಚವೂ ಆಗುತ್ತದೆ. ಬೆಳೆಯುವ ಪಾದಕ್ಕೆ ಬೂಟು ಹರಿಯುವುದಕ್ಕೆ ಮೊದಲೇ ಬಿಗಿಯಾಗುತ್ತದೆಯಲ್ಲವೇ? ನಮ್ಮ ಮಕ್ಕಳ ಶಾಲೆಯಲ್ಲಿ ಪೋಷಕರು ಅಂಥ ಬೂಟುಗಳನ್ನು ತೊಳೆದು, ಅಳತೆ ಬರೆದು ಒಂದು ಕಪಾಟಿನಲ್ಲಿ ಜೋಡಿಸುತ್ತೇವೆ. ವರ್ಷದ ಮೊದಲ ದಿನ ತಂಡದ ಎಲ್ಲರೂ, ಕೊಳ್ಳಬಲ್ಲವರೂ ಸೇರಿ, ಅದರಿಂದಲೇ ಆರಿಸಿಕೊಳ್ಳುತ್ತಾರೆ. ಬಡ ಮಕ್ಕಳನ್ನಷ್ಟೇ ಕರೆದು ಕೊಟ್ಟಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಜೆರ್ಸಿಗಳನ್ನು ಮುಂದಿನ ವರ್ಷಕ್ಕೆ ಬಿಟ್ಟು, ಇರುವ ಅಂಗಿಗಳ ಮೇಲೆ ಬಿಬ್ (ತಂಡ ಗುರುತಿಸಲು ತೊಡುವ ತೋಳಿಲ್ಲದ ಬಣ್ಣದ ಮೇಲಂಗಿ) ತೊಡಿಸುತ್ತೇನೆ. ಕಪಾಟು ಸಿದ್ಧವಾದ ಕೂಡಲೇ ಆ ಇಬ್ಬರು ಮಕ್ಕಳ ಮನೆಗೆ ಹೋಗಿ ಕರೆದು ಬರುತ್ತೇನೆ.