ಅಪ್‌ಡೇಟ್: ಮಾಸುತ್ತಿದ್ದ ಕೂದಲ ಬಣ್ಣ, ಕಳ್ಳ ಸಿಕ್ಕಿದ!

ಎರಡು ತಿಂಗಳ ಹಿಂದೆ ಕೇಳಿದ್ದೆ, ಪಾರ್ಲರ್‌ನಲ್ಲಿ ಹಾಕಿಸಿದ ಬರ್ಗಂಡಿ (ಕಡುಗೆಂಪು) ಬಣ್ಣ ಮೂರೇ ವಾರಕ್ಕೆ ಇಟ್ಟಿಗೆ ಬಣ್ಣ ಆಗಿದೆ, ಏನು ಮಾಡಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನಾನು ಸುಮ್ನೆ ಶಾಂಪೂವನ್ನು ಬೈಯುತ್ತಿದ್ದೆ. ಕಳ್ಳ ಬಚ್ಚಲಲ್ಲೇ ಇದ್ದ. ದಾವಣಗೆರೆಯ ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ತಲೆಗೆ ಬೋರ್ ನೀರೇ, ಅದೂ ಸುಡುಸುಡು. ಬಕೆಟ್ ಅಂಚಿಗೆ ಬಿಳಿ ಕರೆ ಕಟ್ಟುತ್ತದಲ್ಲ, ಅದೇ ಕೂದಲಿಗೂ ಅಂಟಿ ಮಂಕು ಮಾಡುತ್ತದೆ. ಬಿಸಿ ಜಾಸ್ತಿಯಾದರೆ ಬಣ್ಣವೂ ಬೇಗ ತೊಳೆದುಹೋಗುತ್ತದೆ.

ಮತ್ತೆ ಬಣ್ಣ ಹಾಕಿಸಿ ಈಗ 6 ವಾರ. ಮೊದಲ 3 ದಿನ ತಲೆಗೆ ನೀರು ಸೋಕಿಸಲಿಲ್ಲ. ಆಮೇಲೆ ವಾರಕ್ಕೆ 2 ಸಲ ಉಗುರುಬೆಚ್ಚಗಿನ ನೀರು, ಸಲ್ಫೇಟ್ (ನೊರೆ ಬರಿಸುವ ಖಾರದ ರಾಸಾಯನಿಕ) ಇಲ್ಲದ ಶಾಂಪೂ, ಕಂಡೀಷನರ್. ಕೊನೆಗೆ ಸುರಿಯಲು ಎರಡು ಕೊಡ ನಲ್ಲಿ ನೀರು ಎತ್ತಿಡುತ್ತೇನೆ. ‘ಕುಡಿಯೋಕೇ ಸಾಲಲ್ಲ, ಇವಳ ಜಡೆಗೆ ಬೇರೆ ಬೇಕಂತೆ’ ಅಂತ ಅತ್ತೆ ಗೊಣಗಿದರು. ಗೊಣಗಲಿ ಬಿಡಿ.

ಬುಡದಲ್ಲಿ ಒಂದೂವರೆ ಸೆಂಟಿಮೀಟರ್‌ನಷ್ಟು ಬಿಳಿ ಬಂದಿತ್ತು. ಅಷ್ಟಕ್ಕೇ ಮನೆಯಲ್ಲಿ ಟಚಪ್ ಮಾಡಿಕೊಂಡೆ. 2 ದಿನ ಮೊದಲೇ ಕಿವಿ ಹಿಂದೆ ಹಚ್ಚಿ ನೋಡಿದ್ದೆ, ತುರಿಕೆ ಬರಲಿಲ್ಲ.

ಬಣ್ಣ ಇನ್ನೂ ಬರ್ಗಂಡಿಯೇ! ತುದಿ ಮಾತ್ರ ಸ್ವಲ್ಪ ಮಾಸಿದೆ. ಸ್ಕೂಟಿಯಲ್ಲಿ ಹೋಗುವಾಗ ಜಡೆ ಹೆಲ್ಮೆಟ್ ಹೊರಗೇ ಇರುತ್ತದೆ, ನಮ್ಮೂರ ಬಿಸಿಲು ಗೊತ್ತಲ್ವಾ? ನಾಳೆಯಿಂದ ವೇಲ್ ಸುತ್ತಿಕೊಳ್ಳುತ್ತೇನೆ.